ಪ್ಯಾರಾಪೆಟ್ ಮೇಲಿನ ದಾಕ್ಷಾಯಣಿ

ನನ್ನ ಬಾಯಿ ಜೋರು ಅಂತ ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಜೋರು ಇದ್ದದ್ದು ನಿಜವೇ. ಸುಮ್ಮನೆ ಕೂತವರಿಗೆ ಯಾರು ಬಂದು ಮನೆ ಕಟ್ಟಿಕೊಡುತ್ತಾರೆ ಹೇಳಿ? ನಮ್ಮ ಯಜಮಾನರು ಷಡಕ್ಷರಪ್ಪನವರು ಕಾರ್ಖಾನೆಯಲ್ಲಿ ಫೋರ್‌ಮನ್. ಅಲ್ಲಿ ಕುಲುಮೆ ಮುಂದೆ ನಿಂತು ಒಂದು ಶಿಫ್ಟಿನ ಜನರನ್ನೆಲ್ಲ ಆಳುತ್ತಿದ್ದರಂತೆ. ಇಲ್ಲಿ ಒಬ್ಬ ಗಾರೆ ಕೆಲಸದವನಿಗೆ "ಇಟ್ಟಿಗೆ ನೆನೆಸಿದೀಯೇನಪ್ಪ" ಎಂದು ಕೇಳುವುದಕ್ಕೂ ಸಂಕೋಚ. ಅವರು ರಿಟೈರ್ ಆದರೆ ಕ್ವಾರ್ಟರ್ಸ್ ಬಿಡಬೇಕು, ಅಷ್ಟರೊಳಗೆ ಶಿವಮೊಗ್ಗದ ವಿನೋಬನಗರದ ಸೈಟಿನಲ್ಲಿ ಮನೆ ಏಳಬೇಕು. ಏಳಿಸುವ ಕೆಲಸ ನನ್ನ ತಲೆಗೆ ಬಂತು.

ತೊಂಬತ್ತೇಳನೇ ಇಸವಿಯ ಮಾತು. ಬೆಳಗ್ಗೆ ಅಡಿಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಭದ್ರಾವತಿಯಲ್ಲಿ ಬಸ್ ಹತ್ತುತ್ತಿದ್ದೆ. ಮಾಚೇನಹಳ್ಳಿಯಲ್ಲಿ ಇಳಿದು, ಕಿಟಕಿ ಗ್ರಿಲ್ ಮಾಡಿಕೊಡುತ್ತೇನೆ ಅಂತ ತಿಂಗಳುಗಟ್ಟಲೆ ಆಡಿಸುತ್ತಿದ್ದ ವರ್ಕ್‌ಶಾಪಿನವನಿಗೆ ಒಂದು ಸುತ್ತು ಬೈದು, ಮುಂದಿನ ಬಸ್ಸಿಗೆ ಶಿವಮೊಗ್ಗ ಸೇರಿ, ಬಾಯಲ್ಲಿ ಉಳಿದದ್ದನ್ನೆಲ್ಲ ಸೈಟಿನಲ್ಲಿ ಖಾಲಿ ಮಾಡುತ್ತಿದ್ದೆ. ಗೋಡೆ ಕೂದಲೆಳೆಯಷ್ಟು ವಾಲಿದರೂ ಒಡೆಸಿ ಮತ್ತೆ ಕಟ್ಟಿಸಿದವಳು ನಾನು. ಗಾರೆ ಮೇಸ್ತ್ರಿ ಕರಿಯಣ್ಣ ನನ್ನ ಆಟೋ ಸದ್ದು ಕೇಳಿದ ಕೂಡಲೇ ಬೀಡಿ ಬಿಸಾಡುತ್ತಿದ್ದ. ಆ ಹೆದರಿಕೆ ಇದ್ದದ್ದಕ್ಕೇ ನಮ್ಮ ಮನೆ ನೆಟ್ಟಗೆ ನಿಂತಿರುವುದು, ಬೇಕಾದರೆ ಬಂದು ನೋಡಿ.

ಸೈಟಿನ ಮೂಲೆಯಲ್ಲಿ ಒಂದು ತಗಡಿನ ಶೆಡ್ಡು. ಅದರಲ್ಲಿ ಹಾಲಮ್ಮ ಇದ್ದಳು. ಹೊನ್ನಾಳಿ ಕಡೆಯ ಹೆಂಗಸು. ಮನೆ ಕೆಲಸ ನಡೆಯುವಷ್ಟು ದಿನ ಸಾಮಾನು ಕಾಯುವುದು, ಹೊತ್ತು ಹೊತ್ತಿಗೆ ಗೋಡೆಗೆ ನೀರು ಹೊಡೆಯುವುದು ಅವಳ ಕೆಲಸ. ಒಂದು ಮನೆ ಮುಗಿದರೆ ಶೆಡ್ಡಿನ ತಗಡು ಕಿತ್ತುಕೊಂಡು ಮುಂದಿನ ಸೈಟಿಗೆ ಹೋಗುತ್ತಿದ್ದಳು. ಮಾತು ಬಹಳ ಕಡಿಮೆ. ನಾನು ಬೈಯುವಾಗ ಬೇರೆಯವರೆಲ್ಲ ನೆಲ ನೋಡಿದರೆ ಇವಳೊಬ್ಬಳು ನನ್ನನ್ನೇ ನೋಡುತ್ತ ನಿಲ್ಲುತ್ತಿದ್ದಳು. ಕಾಲಿನಿಂದ ತಲೆವರೆಗೆ, ತಲೆಯಿಂದ ಕಾಲಿನವರೆಗೆ. ನನಗೆ ಅದು ಒಂಥರಾ ಕಿರಿಕಿರಿ. "ಏನೇ ಹಂಗೆ ನೋಡ್ತೀಯ?" ಅಂದರೆ "ಏನಿಲ್ಲ ಅಮ್ಮೋರೆ" ಅಂತ ಕೊಡ ಎತ್ತಿಕೊಂಡು ಹೋಗುವಳು.

ಮೇಲಿನ ಆರ್‌ಸಿಸಿ ಹಾಕಿದ ದಿನ ಕಾಯಿ ಒಡೆದು, ಹಾಲಮ್ಮನನ್ನು ಕರೆದು, "ಒಂದು ದೃಷ್ಟಿಬೊಂಬೆ ಕಟ್ಟಿ ನಿಲ್ಲಿಸೇ" ಎಂದೆ. ಕಟ್ಟುತ್ತಿರುವ ಮನೆ ಅಂದ ಮೇಲೆ ಬೊಂಬೆ ಬೇಕೇ ಬೇಕು. ಹಳೆ ಪ್ಯಾಂಟು ಶರ್ಟಿಗೆ ಹುಲ್ಲು ತುಂಬುವುದು, ತಲೆಗೆ ಮಡಕೆ, ಮಡಕೆಗೆ ಸುಣ್ಣದಲ್ಲಿ ಕೋರೆಹಲ್ಲು, ಮಸಿಯಲ್ಲಿ ಮೀಸೆ. ದಾರಿಯಲ್ಲಿ ಹೋಗುವವರ ಕಣ್ಣು ಮೊದಲು ಅದರ ಮೇಲೆ ಬಿದ್ದು ಅಲ್ಲೇ ಮುರಿಯಬೇಕು, ಮನೆಗೆ ತಾಗಬಾರದು. ಯಜಮಾನರ ಒಂದು ಹಳೆ ಪ್ಯಾಂಟನ್ನು ಅವಳ ಕೈಗೆ ಕೊಟ್ಟು, ತಂಗಿ ಮಗಳ ಮದುವೆಗೆ ಅಂತ ಒಂದು ವಾರ ಆ ಕಡೆ ತಲೆ ಹಾಕಲಿಲ್ಲ.

ಮದುವೆ ಮುಗಿಸಿಕೊಂಡು ಬಂದ ದಿನ ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದೆ. ನಮ್ಮ ರಸ್ತೆಗೆ ತಿರುಗಿದ ಕೂಡಲೇ ಆಟೋದವನು ತಾನಾಗಿಯೇ ಬ್ರೇಕ್ ಹಾಕಿದ. ಮೇಲೆ ನೋಡಿದ, ಕನ್ನಡಿಯಲ್ಲಿ ನನ್ನನ್ನು ನೋಡಿದ, ಮತ್ತೆ ಮೇಲೆ ನೋಡಿದ.

"ಅಮ್ಮ, ನೀವು ಇಲ್ಲಿ ಕೂತಿದೀರ, ಅಲ್ಲೂ ನಿಂತಿದೀರಲ್ಲ!"

ಮನೆ ಮುಂದೆ ಜನ. ಸೈಕಲ್ ನಿಲ್ಲಿಸಿಕೊಂಡವರು, ತರಕಾರಿ ಗಾಡಿಯವನು, ಎದುರು ಮನೆಯ ಹೆಂಗಸರು. ಎಲ್ಲರ ತಲೆಯೂ ಮೇಲಕ್ಕೆ. ನಾನೂ ನೋಡಿದೆ. ತಾರಸಿಯ ಮೂಲೆಯಲ್ಲಿ, ಸರ್ವೆ ಗಳಕ್ಕೆ ಒರಗಿಕೊಂಡು, ನಾನು ನಿಂತಿದ್ದೆ.

ಮೈ ಸಿಮೆಂಟ್ ಚೀಲದ್ದು. ಉಟ್ಟಿದ್ದು ನೀಲಿ ಟಾರ್ಪಾಲಿನ ಸೀರೆ, ಸೆರಗನ್ನು ಸುತ್ತಿ ಎಡಗಡೆ ಸೊಂಟಕ್ಕೆ ಸಿಕ್ಕಿಸಿತ್ತು. ನಾನು ಸಿಕ್ಕಿಸುವುದೂ ಎಡಗಡೆಗೇ. ತೆಂಗಿನ ನಾರಿನ ತುರುಬು. ಹಣೆಗೆ ಸುಣ್ಣದ ವಿಭೂತಿ. ಕಂಬಿ ಕಟ್ಟುವ ತಂತಿಯನ್ನು ಬಗ್ಗಿಸಿ ಮಾಡಿದ ಕನ್ನಡಕ, ಅದೂ ಒಂದು ಕಡೆ ಜಾರಿದ್ದು. ಬಾಯಿಯ ಜಾಗಕ್ಕೆ ಒಂದು ತುಂಡು ಪೈಪು ಕೂರಿಸಿದ್ದಳು, ಪೂರ್ತಿ ತೆರೆದ ಬಾಯಿ. ಒಂದು ಕೈ ಸೊಂಟದ ಮೇಲೆ. ಇನ್ನೊಂದು ಕೈ, ಶಿವ ಶಿವ, ಆ ಕೈಯನ್ನು ಏನು ಹೇಳಲಿ! ಎಲೆಕ್ಟ್ರಿಕ್ ಪೈಪಿಗೆ ಬಟ್ಟೆ ಸುತ್ತಿ ಮಾಡಿದ ಆ ಕೈ ರಸ್ತೆಯವರೆಗೂ ಬಂದುಬಿಡುತ್ತದೇನೋ ಅನ್ನುವಷ್ಟು ಉದ್ದ, ತುದಿಯಲ್ಲಿ ಒಂದೇ ಬೆರಳು, ಅದು ದಾರಿಯಲ್ಲಿ ಹೋಗುವ ಎಲ್ಲರ ಕಡೆಗೂ ತೋರಿಸಿಕೊಂಡಿತ್ತು. ನಮ್ಮ ಯಜಮಾನರ ಪ್ಯಾಂಟು ಎಲ್ಲೂ ಕಾಣಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಹಾಲಮ್ಮಾ!" ಎಂದು ಕೂಗಿದ್ದಕ್ಕೆ ಇಡೀ ಬೀದಿ ಖಾಲಿಯಾಯಿತು. ಅವಳು ಕೊಡ ಹಿಡಿದುಕೊಂಡು ನಿಧಾನಕ್ಕೆ ಬಂದಳು.

"ಏನೇ ಇದು?"

"ಬೊಂಬೆ ಅಮ್ಮೋರೆ. ಕಟ್ಟು ಅಂದಿದ್ರಲ್ಲ."

"ರಾಕ್ಷಸನ್ನ ಮಾಡು ಅಂದ್ರೆ ನನ್ನ ಮಾಡಿದೀಯಲ್ಲೇ! ನಾನೇನು ನಿನ್ನ ಕಣ್ಣಿಗೆ ರಾಕ್ಷಸಿ ಥರ ಕಾಣ್ತೀನಾ?"

"ರಾಕ್ಷಸನ್ನ ನಾನೆಲ್ಲಿ ನೋಡೀನಿ ಅಮ್ಮೋರೆ? ಕಾಣದೇ ಇರೋದನ್ನ ಹೆಂಗೆ ಕಟ್ಲಿ?" ಎಂದಳು. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. "ಈ ಮನೆ ಕಾಯೋರು ಯಾರು? ಎಲ್ರೂ ಹೆದರೋದು ಯಾರಿಗೆ? ನಿಮಗೇ ಅಲ್ವಾ? ನೀವು ನಿಂತ್ಕಂಡ್ರೆ ಯಾವ ಕಣ್ಣು ಬೀಳ್ತೈತೆ ಹೇಳಿ."

ಇದು ಹೊಗಳಿಕೆಯೋ ಬೈಗುಳವೋ ನನಗೆ ಗೊತ್ತಾಗಲಿಲ್ಲ. ಕರಿಯಣ್ಣ ಗೋಡೆ ಕಡೆ ತಿರುಗಿ ನಿಂತಿದ್ದ, ಅವನ ಬೆನ್ನು ಕುಲುಕುತ್ತಿತ್ತು.

"ಮೊದ್ಲು ಇಳಿಸು ಅದನ್ನ."

"ಇಳಿಸಂಗಿಲ್ಲ ಅಮ್ಮೋರೆ. ಒಂದ್ಸಲ ನಿಲ್ಸಿದ್ ಮೇಲೆ ಮನೆ ಕೆಲಸ ಮುಗಿಯೋ ತಂಕ ಇಳಿಸಂಗಿಲ್ಲ. ಮುಗಿದ್ ಮೇಲೆ ಒಂದು ಗಳಿಗೆ ಇಟ್ಕಳಂಗಿಲ್ಲ, ಸುಡಬೇಕು. ನಿಮಗೆ ಗೊತ್ತಿಲ್ದೇ ಇರೋದಾ?"

ಗೊತ್ತಿತ್ತು. ನಮ್ಮ ಅವ್ವನೂ ಹಾಗೇ ಹೇಳುತ್ತಿದ್ದಳು. ನಡುವೆ ಬೊಂಬೆ ಇಳಿಸಿದರೆ ಅದು ಅಲ್ಲಿಯವರೆಗೆ ನುಂಗಿದ ಕಣ್ಣೆಲ್ಲ ಮನೆ ಮೇಲೆ ಬೀಳುತ್ತದೆ. ಬೇರೆ ಯಾವ ವಿಷಯಕ್ಕಾದರೂ ನಾನು ಜಗಳ ಆಡಿಯೇನು, ಇದಕ್ಕೆ ಹೇಗೆ ಆಡಲಿ? ನನ್ನ ಮರ್ಯಾದೆ ತಾರಸಿ ಮೇಲೆ ನಿಂತು ಹರಾಜಾಗುತ್ತಿದ್ದರೂ ನಾನು ಬಾಯಿ ಮುಚ್ಚಿಕೊಂಡು ಭದ್ರಾವತಿ ಬಸ್ ಹತ್ತಿದೆ.

ಭಾನುವಾರ ಯಜಮಾನರನ್ನು ಕರೆದುಕೊಂಡು ಬಂದೆ. ಅವರಾದರೂ ಏನಾದರೂ ದಾರಿ ಹುಡುಕಿಯಾರು ಅಂತ. ಅವರು ಗೇಟಿನ ಹತ್ತಿರ ನಿಂತು ತಲೆ ಎತ್ತಿ ನೋಡಿದವರು ಹೊಟ್ಟೆ ಹಿಡಿದುಕೊಂಡು ಮರಳ ರಾಶಿಯ ಮೇಲೆ ಕೂತೇಬಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ನಗು.

"ಮಾರಾಯ್ತಿ, ನೀನು ಇಲ್ಲೇ ಕಾಯಂ ನಿಂತ್ರೆ ಭದ್ರಾವತೀಲಿ ನನ್ನ ಬೈಯೋಕೆ ಯಾರಿದಾರೆ!"

"ನಗ್ರಿ, ನಗ್ರಿ. ಹೋಗ್ತಿರೋದು ನನ್ನ ಮರ್ಯಾದೆ, ನಿಮಗೇನು?"

"ಮುಖ ಮುಚ್ಚಿದ್ರಾಯ್ತಪ್ಪ. ಇಳಿಸಬಾರ್ದು ಅಂತ ಇದೆ, ಮುಚ್ಚಬಾರ್ದು ಅಂತ ಇಲ್ಲವಲ್ಲ," ಎಂದರು. ಫೋರ್‌ಮನ್ ತಲೆ ಒಮ್ಮೊಮ್ಮೆ ಓಡುತ್ತದೆ.

ಗಾಂಧಿ ಬಜಾರಿಗೆ ಹೋಗಿ ಕೆಂಪು ನಾಲಿಗೆ, ದಪ್ಪ ಮೀಸೆ ಇದ್ದ ಒಂದು ರಾಕ್ಷಸನ ಮುಖವಾಡ ತಂದು ಕರಿಯಣ್ಣನ ಕೈಯಲ್ಲಿ ಕಟ್ಟಿಸಿದೆ. ಮರುದಿನ ಬಂದರೆ ಎದುರು ಮನೆಯಾಕೆ ಇನ್ನೊಬ್ಬಳಿಗೆ ಹೇಳುತ್ತಿದ್ದಳು, "ನೋಡ್ರಿ, ದಾಕ್ಷಾಯಣಮ್ಮ ಇವತ್ತು ಮೀಸೆ ಇಟ್ಕಂಡಿದಾರೆ." ಮುಖ ಮುಚ್ಚಿದರೆ ಏನು ಬಂತು? ನಿಂತ ನಿಲುವು ನಂದೇ, ಚಾಚಿದ ಕೈ ನಂದೇ. ಮೀಸೆ ಇಟ್ಟ ದಾಕ್ಷಾಯಣಿಗಿಂತ ಮೀಸೆ ಇಲ್ಲದ ದಾಕ್ಷಾಯಣಿಯೇ ವಾಸಿ ಅನ್ನಿಸಿತು. ಮಧ್ಯಾಹ್ನ ಕೆಲಸದವರೆಲ್ಲ ಊಟಕ್ಕೆ ಹೋದಾಗ ಆ ಮುಖವಾಡವನ್ನು ನಾನೇ ಕಿತ್ತು ಬಿಸಾಡೋಣ ಅಂತ ತಾರಸಿ ಹತ್ತಿದೆ.

ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿದ್ದು ಅವತ್ತೇ. ಮುಖವಾಡ ಬಿಚ್ಚಲು ಹೋದೆ, ಗಂಟು ಹಿಂದೆ ಸಿಕ್ಕಿಹಾಕಿಕೊಂಡಿದ್ದರಿಂದ ಬೊಂಬೆಯ ಬೆನ್ನಿನ ಕಡೆಗೆ ಹೋದೆ. ಹಿಂದೆ ಯಾರು ನೋಡುತ್ತಾರೆ? ರಸ್ತೆಗೆ ಕಾಣುವುದಿಲ್ಲ, ಹುಲ್ಲು ಹಾಗೇ ನೇತಾಡುತ್ತಿರುತ್ತದೆ ಅಂದುಕೊಂಡಿದ್ದೆ. ಆದರೆ ಹಾಲಮ್ಮ ಬೆನ್ನನ್ನೂ ಮುಂದಿನಷ್ಟೇ ಆಸ್ಥೆಯಿಂದ ಕಟ್ಟಿದ್ದಳು. ಬಲ ಹೆಗಲು ಸ್ವಲ್ಪ ಇಳಿದಿತ್ತು, ದಿನಾ ಬುತ್ತಿ ಚೀಲ ಹೊತ್ತು ನನ್ನದು ಇಳಿದಿರುವ ಹಾಗೆ. ಸೊಂಟದ ಮೇಲಿನ ಕೈ ಇತ್ತಲ್ಲ, ರಸ್ತೆಯಿಂದ ನೋಡಿದರೆ ಜಗಳಕ್ಕೆ ನಿಂತ ಕೈ. ಹಿಂದಿನಿಂದ ನೋಡಿದರೆ ಅದರ ಹೆಬ್ಬೆರಳು ಬೆನ್ನಿನ ಕೆಳಗೆ ಒಂದು ಜಾಗವನ್ನು ಒತ್ತಿ ಹಿಡಿದಿತ್ತು. ಅಲ್ಲಿ ಚೀಲವನ್ನು ಒಳಕ್ಕೆ ಎಳೆದು ಹೊಲಿದು ಗುಳಿ ಮಾಡಿದ್ದಳು.

ನನಗೆ ಆ ಜಾಗದಲ್ಲಿ ನೋವಿತ್ತು. ಬಸ್ಸಿನಲ್ಲಿ ಕೂತು ಕೂತು ಬಂದ ನೋವು, ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ "ನೀನು ದಿನಾ ಹೋಗಬೇಡ ಬಿಡು" ಅನ್ನುತ್ತಾರೆ, ಮನೆ ಅಲ್ಲಿಗೇ ನಿಲ್ಲುತ್ತದೆ. ಸೊಂಟದ ಮೇಲೆ ಕೈ ಇಟ್ಟು ಬೈಯುವಾಗ ನಾನು ನೋವನ್ನು ಒತ್ತಿ ಹಿಡಿಯುತ್ತಿದ್ದೆ. ಅದು ನನಗೇ ಸರಿಯಾಗಿ ಗೊತ್ತಿರಲಿಲ್ಲ, ಇವಳಿಗೆ ಗೊತ್ತಾಗಿತ್ತು.

ಮದುವೆಯಾಗಿ ಅಷ್ಟು ವರ್ಷ ಆಗಿತ್ತು, ನನ್ನನ್ನು ಯಾರೂ ಇಷ್ಟು ನೋಡಿರಲಿಲ್ಲ. ಅಲ್ಲೇ ಇಟ್ಟಿಗೆ ಮೇಲೆ ಕೂತು ಅತ್ತೆ. ಸಂತೋಷಕ್ಕೋ ದುಃಖಕ್ಕೋ ಕೇಳಬೇಡಿ, ಎರಡೂ ಇತ್ತು. ಆಮೇಲೆ ಮುಖ ಒರೆಸಿಕೊಂಡು ಕೆಳಗಿಳಿದು, ಗೋಡೆಗೆ ನೀರು ಸರಿಯಾಗಿ ಹೊಡೆದಿಲ್ಲ ಅಂತ ಹಾಲಮ್ಮನಿಗೆ ಬೈದೆ. ಅವಳು ನನ್ನ ಕಣ್ಣು ನೋಡಿ ನೀರು ಹೊಡೆಯಲು ಹೋದಳು.

ಅಲ್ಲಿಂದ ಬೊಂಬೆ ಬಗ್ಗೆ ಯಾರಾದರೂ ನಕ್ಕರೆ ನಾನೂ ನಗತೊಡಗಿದೆ. ವಿನೋಬನಗರದಲ್ಲಿ ಅದು ದಾರಿ ಹೇಳುವ ಗುರುತೇ ಆಯಿತು. "ಬೈಯೋ ಬೊಂಬೆ ಹತ್ರ ಎಡಕ್ಕೆ ತಿರುಗಿ" ಅನ್ನುತ್ತಿದ್ದರು. ಹಿಂದಿನ ರಸ್ತೆಯಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬ ವಕೀಲರು ತಮ್ಮದೂ ಹಾಗೇ ಒಂದು ಮಾಡಿಕೊಡು, ಕೋಟು ಹಾಕಿಕೊಂಡು ಗಂಭೀರವಾಗಿ ನಿಂತ ಹಾಗಿರಲಿ ಅಂತ ಹಾಲಮ್ಮನಿಗೆ ಹೇಳಿದರು. ಅವಳು ಅವರ ಸೈಟಿಗೆ ಹೋಗಿ ಒಂದು ದಿನ ನೋಡಿಕೊಂಡು ಬಂದು, ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಬಾಯಿ ಬಿಟ್ಟು ನಿದ್ದೆ ಹೊಡೆಯುವ ವಕೀಲರನ್ನು ಮಾಡಿಕೊಟ್ಟಳು. ಅವರು ಆಮೇಲೆ ಪೇಟೆಯಿಂದ ಒಂದು ತಗಡಿನ ರಾಕ್ಷಸನನ್ನು ತಂದುಕೊಂಡರು.

ಬೊಂಬೆ ನೋಡಲು ಬಂದವರಲ್ಲಿ ಜ್ಞಾನೇಶ್ ಒಬ್ಬ. ನಮ್ಮ ರಸ್ತೆಯ ಕೊನೆಯಲ್ಲಿ ಬಾಡಿಗೆಗಿದ್ದ ಹುಡುಗ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡುತ್ತಿದ್ದ. ಒಂದು ದಿನ ಒಳಗೆ ಬಂದು ಹಾಲಮ್ಮನಿಗೆ ಪಾಠ ಶುರು ಮಾಡಿದ.

"ಎಲ್ಲ ಚೆನ್ನಾಗಿದೆ ಹಾಲಮ್ಮ, ಆದ್ರೆ ಕೈ ಅಳತೆ ತಪ್ಪಿದೆ. ಮನುಷ್ಯರ ಕೈ ತೊಡೆ ಮಧ್ಯದ ತನಕ ಬರ್ಬೇಕು. ಅರ್ಧ ಕತ್ತರಿಸಿದ್ರೆ ಸರಿಹೋಗ್ತದೆ."

ಹಾಲಮ್ಮ ಗರಗಸ ತರಲು ಎದ್ದಳು. ಅವಳಿಗೆ ಯಾರು ಏನು ಹೇಳಿದರೂ ಸರಿಯೇ. ನನಗೆ ಎಲ್ಲಿತ್ತೋ ಸಿಟ್ಟು, ನಡುವೆ ಹೋಗಿ ನಿಂತೆ.

"ಯಾರ್ರೀ ಹೇಳಿದ್ದು ತಪ್ಪು ಅಂತ? ನಾನು ಬೈಯುವಾಗ ನನ್ನ ಕೈ ಅಷ್ಟೇ ಉದ್ದ ಇರ್ತದೆ. ಬೇಕಾದ್ರೆ ಆ ಕರಿಯಣ್ಣನ್ನ ಕೇಳಿ!"

"ಅದು ಮಾತ್ರ ನಿಜ ಸಾರ್," ಎಂದ ಕರಿಯಣ್ಣ, ಕರಣೆ ಹಿಡಿದುಕೊಂಡೇ. "ಅಮ್ಮ ಅಲ್ಲಿ ಗೇಟಲ್ಲಿ ನಿಂತು ತೋರ್ಸಿದ್ರೆ ಇಲ್ಲಿ ನನ್ನ ಮೂಗಿಗೆ ತಾಗ್ತೈತೆ."

ಜ್ಞಾನೇಶ್ ಒಂದು ಕ್ಷಣ ನನ್ನ ಕೈ ನೋಡಿದ, ಬೊಂಬೆಯ ಕೈ ನೋಡಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ. ಒಳ್ಳೆಯ ಹುಡುಗ, ಸೋತರೆ ಮುಖ ಊದಿಸಿಕೊಳ್ಳುವವನಲ್ಲ. "ಬೇಡ ಹಾಲಮ್ಮ, ಕತ್ತರಿಸ್ಬೇಡ. ನಾನು ಕಾಲೇಜಲ್ಲಿ ಅಳತೆ ಕಲ್ತೆ, ನೀನು ಬೈಸ್ಕಂಡು ಕಲ್ತಿದೀಯ," ಎಂದ.

ಮರುವಾರ ಅವನು ಅವಳಿಗೆ ಒಳ್ಳೆಯ ಕಾಗದ, ಬಣ್ಣದ ಡಬ್ಬಿ ತಂದುಕೊಟ್ಟ. ಹಾಲಮ್ಮ ಕೈ ತೊಳೆದು, ಕಾಗದವನ್ನು ಕಣ್ಣಿಗೆ ಒತ್ತಿಕೊಂಡು, ಬಹಳ ಕಷ್ಟಪಟ್ಟು ಒಂದು ಹೂವಿನ ಕುಂಡ, ಎರಡು ನವಿಲು ಬರೆದಳು. ಅಂಗಡಿ ಕ್ಯಾಲೆಂಡರಿನಲ್ಲಿ ಇರುತ್ತವಲ್ಲ, ಅವೇ, ಅದಕ್ಕಿಂತ ಸಪ್ಪೆ. ಜ್ಞಾನೇಶನ ಮುಖ ಇಳಿಯಿತು. "ಇದೇನು ಹಾಲಮ್ಮ, ನಿನ್ನ ಹಂಗೆ ಬರೀಲಿಲ್ವಲ್ಲ?" ಅಂದರೆ "ಕಾಗದದ ಮೇಲೆ ಹಿಂಗೇ ಅಲ್ವಾ ಸಾರ್ ಬರೆಯೋದು?" ಎಂದಳು. ಬಣ್ಣದ ಡಬ್ಬಿಯನ್ನು ವಾಪಸ್ ಕೊಟ್ಟು, ಅದರ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಮಾತ್ರ ಕೇಳಿ ಇಟ್ಟುಕೊಂಡಳು. ಸಂಜೆಯೊಳಗೆ ಆ ರಟ್ಟು ಸೈಕಲ್ ತಳ್ಳುವ ಜ್ಞಾನೇಶ್ ಆಗಿತ್ತು. ಅವನ ಕತ್ತು ಬೊಂಬೆ ನೋಡುವುದಕ್ಕೆ ಅಂತ ಮೇಲಕ್ಕೆ ತಿರುಗಿತ್ತು. ಅವನು ಅದನ್ನು ಎದೆಗೆ ಒತ್ತಿಕೊಂಡು ಮನೆಗೆ ಹೋದ.

ಮನೆ ಮುಗಿಯುತ್ತ ಬಂತು. ಸುಣ್ಣ ಬಣ್ಣ ಆಯಿತು. ತಾರಸಿ ಸುತ್ತ ಪ್ಯಾರಾಪೆಟ್ ಎದ್ದಿತು. ಅದರ ಮೇಲಿನ ಹೂಬಳ್ಳಿ ಪಟ್ಟಿಯನ್ನು ನಾನು ಕರಿಯಣ್ಣನ ಕೈಯಲ್ಲಿ ಒಡೆಸಿ ಒಡೆಸಿ ಮಾಡಿಸಿದ್ದೆ. ಕೊನೆಗೆ ಅವನು ಅಳುವುದೊಂದು ಬಾಕಿ, ಆದರೆ ಪಟ್ಟಿ ಮಾತ್ರ ಬೆಣ್ಣೆಯ ಹಾಗೆ ಬಂದಿತ್ತು. ಬೊಂಬೆಯನ್ನು ಅದರ ಹಿಂದೆಯೇ ನಿಲ್ಲಿಸಿದ್ದೆವು. ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು, ಯಜಮಾನರು ಕಾರ್ಡು ಹಂಚಿ ಬಂದರು. ಅವರ ಸಂಭ್ರಮ ಹೇಳತೀರದು. ನನಗೆ ಮಾತ್ರ ದಿನ ಹತ್ತಿರ ಬಂದಷ್ಟೂ ಒಂದೇ ಯೋಚನೆ. ಅವತ್ತು ಬೆಳಗ್ಗೆ ಮನೆಯೊಳಗೆ ಹಸು ಹೊಗುವ ಮುಂಚೆ ಬೊಂಬೆ ಇಳಿಸಬೇಕು, ಸುಡಬೇಕು.

ನಾನು ಆಡದ ಆಟವಿಲ್ಲ. ಮೊದಲು ಪೂಜೆಗೆ ಬರುವ ಅಯ್ಯನೋರನ್ನು ಕೇಳಿದೆ. "ನನ್ನದೇ ರೂಪ ಇದೆ, ಸುಟ್ರೆ ಅಪಶಕುನ ಅಲ್ವಾ ಅಯ್ಯನೋರೆ?" ಅವರು ಗಡ್ಡ ಸವರಿಕೊಂಡು, "ಸುಟ್ರೂ ಕಷ್ಟ, ಇಟ್ರೂ ಕಷ್ಟ. ಅದನ್ನ ಕಟ್ಟಿದೋರು ಏನಂತಾರೋ ಹಂಗೆ ಮಾಡಿ," ಎಂದು ಜಾರಿಕೊಂಡರು. ಜ್ಞಾನೇಶ್ ಬೇರೆ ಒಂದು ದಾರಿ ಹೇಳಿದ. ಬೆಂಗಳೂರಿನಲ್ಲಿ ಅವನ ಗೆಳೆಯರು ಒಂದು ಪ್ರದರ್ಶನ ಇಡುತ್ತಾರಂತೆ, ಎಲ್ಲೂ ಕಲಿಯದೆ ತಮ್ಮ ಪಾಡಿಗೆ ತಾವು ಮಾಡುವವರ ಕೆಲಸಗಳನ್ನೇ ಸೇರಿಸಿ. "ಸುಡೋದು ಪಾಪ ಅಮ್ಮ, ನನಗೆ ಕೊಡಿ. ಎಷ್ಟೋ ಜನ ನೋಡ್ತಾರೆ," ಎಂದ. ಸುಡುವುದಕ್ಕಿಂತ ಅದೇ ಮೇಲು ಅಂತ ನಾನು ಹೂಂ ಅಂದುಬಿಟ್ಟೆ.

ಗೃಹಪ್ರವೇಶದ ದಿನ ಬೆಳಕು ಹರಿಯುವ ಹೊತ್ತಿಗೆ ಗೇಟಿನ ಮುಂದೆ ಒಂದು ಕಡೆ ಹೂವು ಕಟ್ಟಿದ ಹಸು, ಇನ್ನೊಂದು ಕಡೆ ಜ್ಞಾನೇಶ್ ತಂದ ಲಗೇಜ್ ಆಟೋ. ಭದ್ರಾವತಿಯಿಂದ ಕ್ವಾರ್ಟರ್ಸಿನ ಜನ ಎಲ್ಲ ಬಂದಿದ್ದರು. ತಾರಸಿ ಮೇಲೆ ಹಾಲಮ್ಮ ಬೊಂಬೆಯ ಹಗ್ಗ ಬಿಚ್ಚುತ್ತಿದ್ದಳು. ಮಗ್ಗುಲಲ್ಲಿ ಸೀಮೆಎಣ್ಣೆ ಡಬ್ಬ, ಕೈಯಲ್ಲಿ ಬೆಂಕಿಪೊಟ್ಟಣ. ನಾನು, ಯಜಮಾನರು, ಜ್ಞಾನೇಶ್ ಮೇಲೆ ಹೋದೆವು.

"ಹಾಲಮ್ಮ, ಸುಡೋದು ಬೇಡ ಕಣೇ. ಬೆಂಗಳೂರಿಗೆ ಕಳಿಸ್ತೀವಿ. ಅಲ್ಲಿ ಎಲ್ರೂ ನೋಡ್ತಾರಂತೆ," ಎಂದೆ.

ಅವಳು ಮೊದಲ ಸಲ ನನ್ನ ಮೇಲೆ ಸಿಟ್ಟಾದಳು. "ಬೆಂಗಳೂರಿನ ಯಾರ ಮನೆ ಕಾಯೋಕೆ ಅಮ್ಮೋರೆ? ಇದು ಈ ಮನೆದು. ಈ ಮನೆ ಮುಂದೆ ನಿಂತ್ರೆ ಬೊಂಬೆ, ಬೇರೆ ಕಡೆ ಇಟ್ರೆ ಬರೀ ಹುಲ್ಲು ಚೀಲ."

"ಹಂಗಾದ್ರೆ ಇಲ್ಲೇ ಇರ್ಲಿ."

"ಇಲ್ಲಿ ಹೆಂಗೆ ಇರ್ತೈತೆ? ಮನೆ ಮುಗೀತಲ್ಲ! ನಿಮ್ ಮೇಲೆ ಬಿದ್ದಿದ್ದೆಲ್ಲ ಇದು ತಗಂಡೈತೆ, ಇಟ್ಕಂಡ್ರೆ ಅದೆಲ್ಲ ನಿಮಗೇ ಬರ್ತೈತೆ. ನೀವು ಚೆನ್ನಾಗಿರ್ಲಿ ಅಂತ ಕಟ್ಟಿದ್ದು ನಾನು. ಕೆಡಕಾಗ್ಲಿ ಅಂತ ಬಿಟ್ಟೋಗ್ಲಾ?"

"ಇನ್ನೊಂದು ಹಿಂಗೇ ಮಾಡ್ಕೊಡ್ತೀಯಾ?"

ಹಾಲಮ್ಮ ಬೊಂಬೆಯ ಮುಖ ನೋಡಿದಳು. ಜಾರಿದ್ದ ತಂತಿ ಕನ್ನಡಕವನ್ನು ಸುಮ್ಮನೆ ಒಂದು ಸಲ ಮುಟ್ಟಿದಳು. "ಹಿಂಗೇ ಎಲ್ಲಿ ಬರ್ತೈತೆ? ಆವಾಗ ನೋಡಿದ್ದು ಆವಾಗಿಂದು," ಎಂದಳು. ಅವಳ ದನಿಯೂ ಸಣ್ಣಗಾಗಿತ್ತು. ಅವಳಿಗೂ ಸುಡಲು ಮನಸ್ಸಿಲ್ಲ ಅಂತ ನನಗೆ ಆಗ ಗೊತ್ತಾಯಿತು. ಮನಸ್ಸಿಲ್ಲದಿದ್ದರೂ ಸುಡುತ್ತಾಳೆ, ನನಗೋಸ್ಕರ.

ಕೆಳಗಿನಿಂದ ಅಯ್ಯನೋರು "ಮುಹೂರ್ತ ಮೀರ್ತದೆ" ಎಂದು ಕೂಗಿದರು. ಯಜಮಾನರು "ಆಯ್ತು, ಇಳಿಸಮ್ಮ" ಎಂದರು. ಹಾಲಮ್ಮ ಕೊನೆಯ ಗಂಟಿಗೆ ಕೈ ಹಾಕಿದಳು. ಪಕ್ಕದಲ್ಲಿ, ಶಾಮಿಯಾನದ ಗೂಟ ಹೊಡೆಯಲು ತಂದಿದ್ದ ಸುತ್ತಿಗೆ ಬಿದ್ದಿತ್ತು.

ನಾನು ಯೋಚನೆ ಮಾಡಲಿಲ್ಲ, ಸುಳ್ಳು ಯಾಕೆ ಹೇಳಲಿ. ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿದೆ, ಸುತ್ತಿಗೆ ಎತ್ತಿದೆ, ಪ್ಯಾರಾಪೆಟ್ಟಿನ ಹೂಬಳ್ಳಿ ಪಟ್ಟಿಗೆ ಬೀಸಿ ಹೊಡೆದೆ. ಬೆಣ್ಣೆಯ ಹಾಗಿದ್ದ ಪಟ್ಟಿ ಟಪ್ ಅಂತ ಬಿರಿಯಿತು. ಇನ್ನೊಂದು ಹೊಡೆದೆ. ಗಾರೆ ಉದುರಿ ಒಳಗಿನ ಇಟ್ಟಿಗೆ ಕಂಡಿತು. ಮತ್ತೊಂದು ಹೊಡೆತಕ್ಕೆ ಇಟ್ಟಿಗೆಯೇ ಕಿತ್ತು ಕೆಳಗೆ ಹಸುವಿನ ಪಕ್ಕ ಬಿತ್ತು. ಹಸು ಬಾಲ ಎತ್ತಿ ಓಡಿತು. ಅದರ ಹಿಂದೆ ಅಯ್ಯನೋರೂ ಓಡಿದರು.

"ಅಯ್ಯಯ್ಯೋ ಅಮ್ಮ! ನನ್ನ ಪಟ್ಟಿ!" ಅಂತ ಕೆಳಗಿನಿಂದ ಕರಿಯಣ್ಣ ಕಿರುಚಿದ.

"ದಾಕ್ಷಾಯಣಿ, ಏನಾಗಿದೆ ನಿನಗೆ?" ಯಜಮಾನರು ನನ್ನ ತೋಳು ಹಿಡಿದರು.

ನಾನು ಸುತ್ತಿಗೆ ಕೆಳಗಿಟ್ಟು ಏದುಸಿರು ಬಿಡುತ್ತ ಹಾಲಮ್ಮನ ಕಡೆ ತಿರುಗಿದೆ. "ನೋಡೇ ಸರಿಯಾಗಿ. ಮನೆ ಕೆಲಸ ಮುಗಿದಿಲ್ಲ. ಮುಗಿಯೋ ತನಕ ಬೊಂಬೆ ಇಳಿಸಂಗಿಲ್ಲ ಅಂತ ನೀನೇ ಹೇಳಿದ್ದಲ್ವಾ?"

ಹಾಲಮ್ಮ ಹಗ್ಗ ಬಿಟ್ಟಳು. ಒಡೆದ ಜಾಗದ ಹತ್ತಿರ ಬಂದು ಕೂತು, ಬೆರಳು ತೂರಿಸಿ ನೋಡಿದಳು, ಸಡಿಲಾಗಿದ್ದ ಇನ್ನೊಂದು ಇಟ್ಟಿಗೆಯನ್ನು ಅಲ್ಲಾಡಿಸಿ ನೋಡಿದಳು. ಸುಳ್ಳು ಕೆಲಸಕ್ಕೆ ಒಪ್ಪುವವಳಲ್ಲ ಅವಳು. ಕೊನೆಗೆ ತಲೆ ಎತ್ತಿದಳು.

"ಹೌದು ಅಮ್ಮೋರೆ. ಇನ್ನೂ ಭಾಳ ಕೆಲಸ ಐತೆ," ಎಂದಳು. ಅಂದವಳೇ ನಕ್ಕಳು. ಅವಳು ಹಾಗೆ ನಗುತ್ತಾಳೆ ಅಂತಲೇ ನನಗೆ ಗೊತ್ತಿರಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ನಗುತ್ತಲೇ ಬೆಂಕಿಪೊಟ್ಟಣವನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ಬಿಚ್ಚಿದ ಹಗ್ಗವನ್ನೆಲ್ಲ ಬಿಗಿಯಾಗಿ ಮತ್ತೆ ಕಟ್ಟಿದಳು. ಜ್ಞಾನೇಶ್ ಓಡಿಹೋಗಿ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡ.

ಯಜಮಾನರು ಮಾತ್ರ ಅಲ್ಲೇ ನಿಂತಿದ್ದರು. "ಒಂದು ಬೊಂಬೆಗೋಸ್ಕರ ಮನೆ ಒಡೆದ್ಯಲ್ಲೇ," ಎಂದರು. ಸಿಟ್ಟಿರಲಿಲ್ಲ, ಅರ್ಥವಾಗಿರಲಿಲ್ಲ ಅಷ್ಟೆ. "ಅದರ ಹಿಂದೆ ಹೋಗಿ ನೋಡಿ" ಎಂದೆ. ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ನನ್ನ ಮುಖ ನೋಡದೆ, ಕೆಳಗೆ ಬಿದ್ದಿದ್ದ ಗಾರೆ ಚೂರುಗಳನ್ನು ಕಾಲಲ್ಲಿ ಒಂದು ಕಡೆ ಸರಿಸುತ್ತ ಕೇಳಿದರು, "ಯಾವಾಗಿಂದ ನೋಯ್ತಿದೆ?"

"ಈಗ ಹಾಲುಕ್ಕಿಸೋಣ ಬನ್ನಿ, ಜನ ಕಾಯ್ತಿದಾರೆ," ಎಂದು ಕಣ್ಣೊರೆಸಿಕೊಂಡೆ. ಮೆಟ್ಟಿಲಿಳಿಯುವಾಗ ಅವರು ನಾನು ಕೆಳಗಿಟ್ಟು ಮತ್ತೆ ಎತ್ತಿಕೊಂಡಿದ್ದ ಪೂಜೆ ಚೀಲ ಇಸಿದುಕೊಂಡರು. ಅಯ್ಯನೋರು ಹಸು ಹಿಡಿದುಕೊಂಡು ಬಂದು, ಕೆಲಸ ಬಾಕಿ ಇಟ್ಟುಕೊಂಡು ಪ್ರವೇಶ ಮಾಡಿದವರು ಊರ ತುಂಬ ಇದ್ದಾರೆ, ಏನೂ ಅಡ್ಡಿಯಿಲ್ಲ ಎಂದರು.

ಈಗ ಎಷ್ಟೋ ವರ್ಷವಾಯಿತು. ಆ ಪ್ಯಾರಾಪೆಟ್ ಹಾಗೇ ಇದೆ. ಕರಿಯಣ್ಣ ದಾರಿಯಲ್ಲಿ ಸಿಕ್ಕಾಗಲೆಲ್ಲ "ಒಂದು ಗಂಟೆ ಕೆಲಸ ಅಮ್ಮ, ದುಡ್ಡೇ ಬೇಡ" ಎಂದು ಗೋಗರೆಯುತ್ತಾನೆ. ಮುಟ್ಟಿದರೆ ಕೈ ಮುರಿಯುತ್ತೇನೆ ಅಂತ ಹೇಳಿದ್ದೇನೆ. ಜ್ಞಾನೇಶ್ ವರ್ಷಕ್ಕೊಮ್ಮೆ ಸ್ಕೂಲಿನ ಮಕ್ಕಳನ್ನು ಕರೆತಂದು ಎದುರು ಫುಟ್‌ಪಾತಿನಲ್ಲಿ ಕೂರಿಸಿ ಬೊಂಬೆಯ ಚಿತ್ರ ಬರೆಸುತ್ತಾನೆ. ರಬ್ಬರ್ ತರಬಾರದು ಅಂತ ಅವನ ಕಟ್ಟುನಿಟ್ಟು.

ಮಳೆಗಾಲ ಬಂದರೆ ಹುಲ್ಲು ಕೊಳೆಯುತ್ತದೆ, ಚೀಲ ಹರಿಯುತ್ತದೆ. ಹಾಗಾಗಿ ಮಳೆ ನಿಂತ ಮೇಲೆ ಹಾಲಮ್ಮ ಎಲ್ಲಿದ್ದರೂ, ಯಾವ ಸೈಟಿನಲ್ಲಿದ್ದರೂ ಬರುತ್ತಾಳೆ. ಬೊಂಬೆ ಇಳಿಸದೆ, ನಿಂತಲ್ಲೇ ಹೊಸ ಹುಲ್ಲು ತುಂಬುತ್ತಾಳೆ. ತುಂಬುವ ಮುಂಚೆ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ನೋಡುತ್ತಾಳೆ. ಒಂದು ವರ್ಷ ತುರುಬು ಸಣ್ಣದಾಯಿತು. ಒಂದು ವರ್ಷ ಬೆನ್ನು ಒಂಚೂರು ಬಾಗಿತು. ಯಜಮಾನರು ತೀರಿಕೊಂಡ ವರ್ಷ ಅವಳು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನೋಡಿದಳು. ಆ ಸಲ ಬೊಂಬೆ ಹೇಗೆ ಬಂತು ಅಂತ ನಾನು ಹೇಳುವುದಿಲ್ಲ, ಬಂದು ನೋಡಿದವರಿಗೆ ಗೊತ್ತು.

ಅವಳು ನೋಡುವಷ್ಟು ಹೊತ್ತು ನಾನು ಸೀರೆ ಸರಿಮಾಡಿಕೊಳ್ಳುವುದಿಲ್ಲ, ಕೂದಲು ನೇವರಿಸಿಕೊಳ್ಳುವುದಿಲ್ಲ, ಹೇಗಿದ್ದೇನೋ ಹಾಗೇ ನಿಲ್ಲುತ್ತೇನೆ. ವರ್ಷದಲ್ಲಿ ದಾಕ್ಷಾಯಣಮ್ಮ ಬಾಯಿ ಮುಚ್ಚಿಕೊಂಡಿರುವುದು ಅದೊಂದೇ ದಿನ ಅಂತ ಬೀದಿಯವರು ನಗುತ್ತಾರೆ. ನಗಲಿ ಬಿಡಿ, ಅವರನ್ನು ಹೀಗೆ ನೋಡುವವರು ಯಾರಿದ್ದಾರೆ?